ಮೊದಲ ತುತ್ತಿನವರು

ನಮ್ಮೂರಿನಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಕಡೆಯವರನ್ನು ಕೇಳುವುದು ಜಮೀನು ಎಷ್ಟಿದೆ, ಹುಡುಗ ಕುಡಿಯುತ್ತಾನೋ ಇಲ್ಲವೋ ಅಂತಲ್ಲ. ನಿಮ್ಮ ಮನೆಯಲ್ಲಿ ಮೊದಲ ತುತ್ತು ಯಾರದು ಅಂತ. ಅದಕ್ಕೆ ನೆಟ್ಟಗೆ ಉತ್ತರ ಬರದಿದ್ದರೆ ಹೆಣ್ಣಿನ ತಂದೆ ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದುಬಿಡುತ್ತಾನೆ. ನನ್ನಪ್ಪ ಏಳಲಿಲ್ಲ. ನನಗೆ ಅತ್ತೆಯಾಗಬೇಕಿದ್ದ ಸಿದ್ದಮ್ಮನವರು ಅಡಿಗೆಮನೆಯ ಬಾಗಿಲಲ್ಲೇ ನಿಂತು, "ನಂದೇ ಮೊದಲ ತುತ್ತು, ಗಟ್ಟಿ ಇದೀನಿ," ಅಂದಿದ್ದರಂತೆ.

ಒಲೆಯ ಮೇಲೆ ಬೆಂದ ಪಾತ್ರೆ ಯಾವುದೇ ಇರಲಿ, ಅದಕ್ಕಾಗಿ ದುಡಿದ ಮೈಗಳ ದಣಿವೆಲ್ಲ ಅದರ ಮೊದಲ ತುತ್ತಿನಲ್ಲಿ ಕೂತಿರುತ್ತದೆ. ತಿಂದವರ ಮೇಲೆ ಏರುತ್ತದೆ, ದುಡಿದವರಿಂದ ಇಳಿಯುತ್ತದೆ. ಉಳಿದದ್ದು ಬರೀ ಅನ್ನ, ಬರೀ ಸಾರು. ಮಾಡಿದವಳು ತಾನೇ ತಿಂದರೆ ಏನೂ ಆಗುವುದಿಲ್ಲ, ಇದ್ದದ್ದು ಇದ್ದಲ್ಲೇ ಇರುತ್ತದೆ. ಭತ್ತ ನಾಟಿ ಮಾಡಿದವರದು, ಮೂಟೆ ಹೊತ್ತವರದು ತುಸು ಸೇರಿರುತ್ತದೆ, ಆದರೆ ಮನೆಯ ಪಾತ್ರೆಯಲ್ಲಿ ಅಡಿಗೆಯವಳದೇ ಹೆಚ್ಚು. ಹಾಗಾಗಿ ಮನೆಗೊಬ್ಬರು ಮೊದಲ ತುತ್ತಿನವರು ಇರುತ್ತಾರೆ. ನುಂಗುತ್ತಾರೆ, ಕುತ್ತಿಗೆ ನೀವಿಕೊಳ್ಳುತ್ತಾರೆ, "ಹೂಂ, ಬಡಿಸು" ಅನ್ನುತ್ತಾರೆ. ಒಂದು ರಾತ್ರಿ ಮಲಗೆದ್ದರೆ ಅವರಿಗೂ ಇಳಿದುಹೋಗುತ್ತದೆ. ಇದು ಮನೆಯೊಳಗಿನ ವಿಷಯ. ಗೋಡೆಯಾಚೆಯವರನ್ನು ಕರೆದು, ನಮ್ಮನೆ ಮೊದಲ ತುತ್ತು ತಿನ್ನು ಬಾ ಅನ್ನುವುದೆಂದರೆ ನಡುಬೀದಿಯಲ್ಲಿ ಸೆರಗು ಜಾರಿಸಿದ ಹಾಗೆ. ಸತ್ತರೂ ಯಾರೂ ಕೇಳುವುದಿಲ್ಲ.

ನಾನು ಸಂಪಂಗಪ್ಪನವರ ಹೊಲಿಗೆ ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ತಾಸು ಮಿಷನ್ನಿನ ಮುಂದೆ ಕೂರುತ್ತೇನೆ. ಗಂಡ ರೇವಣ್ಣ ಲಾರಿಯವನು, ಮನೆಯಲ್ಲಿ ಇದ್ದದ್ದಕ್ಕಿಂತ ಫೋನಿನಲ್ಲಿ ಇದ್ದದ್ದೇ ಹೆಚ್ಚು. ಮಗಳು ಇಂಚರ, ಮಗ ತೇಜು. ಸಂಜೆ ಬಂದು ಅನ್ನಕ್ಕಿಟ್ಟು, ಸಾರು ಕುದಿಸಿ, ಅತ್ತೆಯ ತಟ್ಟೆಗೆ ಹಾಕಿ ನಿಂತರೆ, ಅವರು ನುಂಗಿದ ಗಳಿಗೆಗೆ ನನ್ನ ಹೆಗಲ ಗಂಟು ಬಿಚ್ಚಿದ ಹಾಗಾಗುತ್ತಿತ್ತು. ಹತ್ತು ವರ್ಷ ಹಾಗೆ ನಡೆಯಿತು. ಒಂದು ದಿನ ಅವರು ತಟ್ಟೆ ಪಕ್ಕಕ್ಕೆ ಸರಿಸಿ, "ಸಾಕು ಕಣಮ್ಮ," ಅಂದು ಬಟ್ಟೆ ಗಂಟು ಕಟ್ಟಿಕೊಂಡು ಚಿಕ್ಕ ಮಗನ ಮನೆಗೆ ಹೋದರು. ಅವನ ಹೆಂಡತಿ ಮನೆಯಲ್ಲೇ ಇರುವವಳು, ಅವಳ ತುತ್ತು ಹಗುರ. ನನಗೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಮೇಲೆ ಇಂಚರ ತಿಂದಳು. ಒಂಬತ್ತು ವರ್ಷದ ಹುಡುಗಿ. ತಿನ್ನಬೇಡ ಅಂದರೆ ತೇಜು ತಿನ್ನಬೇಕಿತ್ತು, ಅವನಿಗಿನ್ನೂ ನಾಲ್ಕು. ಆ ಮಗು ರಾತ್ರಿ ತುತ್ತು ನುಂಗಿ, ಮುದುಕಿಯ ಹಾಗೆ ಗೋಡೆಗೆ ಕೈಕೊಟ್ಟು ಎದ್ದು ಕೈತೊಳೆಯಲು ಹೋಗುತ್ತಿತ್ತು. ಬೆಳಗಿನ ಡಬ್ಬಿಯದೂ ಅವಳೇ ತಿನ್ನಬೇಕು. ಶಾಲೆಯಲ್ಲಿ ಊಟವಾದ ಮೇಲೆ ಲೆಕ್ಕದ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ. ಮೇಷ್ಟ್ರು ಚೀಟಿ ಕಳಿಸಿದರು: ಮಗುವಿಗೆ ಹಗುರ ಕೊಡಿ.

ಹಗುರ ಅಂದರೆ ಪೊಟ್ಟಣ. ಊರಾಚೆ ಬಿಳಿ ಗೋಡೆ ಕಟ್ಟಿದ ಫ್ಯಾಕ್ಟರಿಯಿಂದ ಬರುತ್ತಿತ್ತು. ಟೊಮೆಟೊ ಅನ್ನ, ಮಸಾಲೆ ಅವಲಕ್ಕಿ, ಮಕ್ಕಳಿಗೆ ಪ್ರಾಣವಾಗಿದ್ದ ಕೋಳಿ ಉಂಡೆ. ಪೊಟ್ಟಣ ಬಿಚ್ಚಿ ಯಾರು ಮೊದಲು ತಿಂದರೂ ಏನೂ ಏರುವುದಿಲ್ಲ. ಯಂತ್ರ ಮಾಡುತ್ತದೆ, ಯಂತ್ರಕ್ಕೆಲ್ಲಿಯ ದಣಿವು ಅಂತ ಜನ ಮಾತಾಡಿಕೊಂಡರು. ನಾನೂ ಹಾಗೇ ನಂಬಿದೆ. ನಂಬಲು ಕಷ್ಟವೇನಿರಲಿಲ್ಲ. ಮನೆಯ ಅಡಿಗೆಯೇ ಅಮೃತ, ತಾಯಿಯ ಕೈರುಚಿಗೆ ಸಮವಿಲ್ಲ ಅಂತ ಹೇಳುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೇಳುವವರ ಮನೆಯಲ್ಲಿ ಆ ಅಮೃತವನ್ನು ಯಾರು ನುಂಗುತ್ತಾರೆ ಅಂತ ಮೊದಲು ನೋಡಬೇಕು. ಪೊಟ್ಟಣ ಬಂದ ವಾರದಲ್ಲೇ ನನ್ನ ಮಗಳು ಲೆಕ್ಕದಲ್ಲಿ ಮೂವತ್ತಕ್ಕೆ ಇಪ್ಪತ್ತೆಂಟು ತಂದಳು. ನಾನು ಆ ಖಾಲಿ ಪೊಟ್ಟಣವನ್ನು ಎಸೆಯದೆ, ತೊಳೆದು, ಹೊಲಿಗೆ ದಾರ ಇಡಲು ಇಟ್ಟುಕೊಂಡಿದ್ದೆ. ಅಷ್ಟು ಭಕ್ತಿ.

ನಮ್ಮ ಗೋಡೆಗೆ ಗೋಡೆ ಅಂಟಿದ ಮನೆ ಗೌರಕ್ಕನದು. ಐವತ್ತು ದಾಟಿದ ಒಂಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಅವಳಿಗೆ ಆ ಫ್ಯಾಕ್ಟರಿಯಲ್ಲೇ ಕೆಲಸ ಸಿಕ್ಕಿತ್ತು. ಒಳ್ಳೆಯ ಸಂಬಳ, ವ್ಯಾನು ಬಂದು ಕರೆದೊಯ್ಯುತ್ತಿತ್ತು. ಏನು ಕೆಲಸ ಗೌರಕ್ಕ ಅಂದರೆ, "ಕೂರೋ ಕೆಲಸ ಕಣೆ, ನಿನ್ನ ಹಾಗೇ," ಅಂದು ನಗುತ್ತಿದ್ದಳು. ಮೂರು ವರ್ಷದಲ್ಲಿ ಆ ನಗು ಹೋಯಿತು. ಅವಳು ನಿಲ್ಲುವ ರೀತಿಯೇ ಬದಲಾಯಿತು. ಹಿಮ್ಮಡಿ ನೆಲಕ್ಕೆ ಊರುವುದಿಲ್ಲ. ನಲ್ಲಿಯ ಹತ್ತಿರ ಕೊಡ ತುಂಬುವಷ್ಟು ಹೊತ್ತೂ ಒಂದು ಪಾದ ಎತ್ತಿ ಇನ್ನೊಂದು ಇಡುತ್ತಾ, ಕಾದ ನೆಲದ ಮೇಲೆ ನಿಂತವರ ಹಾಗೆ. ಬೀದಿ ದೀಪ ಹೊತ್ತಿಕೊಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಸಕ್ಕರೆ ಕಾಯಿಲೆ ಇರಬೇಕು, ಪಾದ ಉರಿ ಇರಬೇಕು ಅಂದುಕೊಂಡೆವು. ತೇಜು ಅವಳ ಮನೆಗೆ ನುಗ್ಗಿ ಪಾತ್ರೆಗೆ ಕೈಹಾಕುವ ಅಭ್ಯಾಸದವನು. ಅವನಿಗೂ ಬಾಗಿಲು ಮುಚ್ಚಿತು. ಅವಳ ಮನೆಯಲ್ಲಿ ಒಲೆಯೇ ಹತ್ತುವುದಿಲ್ಲ ಅಂತ ಇಂಚರ ಹೇಳಿದಳು. ಜಿಪುಣತನ ಅಂತ ನಾನು ನಕ್ಕಿದ್ದೆ.

ನಮ್ಮ ಕಾರ್ಖಾನೆಗೆ ಹಗುರದವರ ಏಪ್ರನ್ನಿನ ಆರ್ಡರು ವರ್ಷದಿಂದ ಬರುತ್ತಿತ್ತು. ಬಿಳಿ ಬಟ್ಟೆ, ಸೊಂಟದ ಎರಡೂ ಕಡೆ ಒಂದೂವರೆ ಗಜದ ಪಟ್ಟಿ. ಇಷ್ಟುದ್ದ ಯಾಕೆ ಅಂತ ನಾವು ಹೆಂಗಸರೆಲ್ಲ ತಮಾಷೆ ಮಾಡಿದ್ದೆವು, ಅಲ್ಲಿಯವರ ಸೊಂಟ ಅಷ್ಟು ದಪ್ಪವಿರಬೇಕು ಅಂತ. ಪಟ್ಟಿ ಕಿತ್ತು ಬರಕೂಡದು ಎಂದು ಆರ್ಡರಿನಲ್ಲಿ ಕೆಂಪಕ್ಷರದಲ್ಲಿ ಬರೆದಿತ್ತು. ಆ ಪಟ್ಟಿ ನನ್ನ ಪಾಲಿನ ಕೆಲಸ. ನಾನು ಎರಡು ಸಲ ಮಿಷನ್ ಓಡಿಸಿ, ಮೂಲೆಯಲ್ಲಿ ಗುಣಾಕಾರದ ಗುರುತು ಹಾಕಿ ಗಟ್ಟಿ ಮಾಡುತ್ತಿದ್ದೆ. ಸಂಪಂಗಪ್ಪ ಹೊಗಳುತ್ತಿದ್ದರು.

ಒಂದು ಬುಧವಾರ ಬಂಡಲು ತಲುಪಿಸುವವನು ಬರಲಿಲ್ಲ. ಸಂಪಂಗಪ್ಪ ನನ್ನನ್ನೇ ಆಟೋ ಹತ್ತಿಸಿದರು. ಗೇಟಿನ ಕಾವಲಿನವನು ಎಡಗಡೆಯ ಬಾಗಿಲು ಅಂದ. ಎಡಗಡೆ ಎರಡು ಬಾಗಿಲಿದ್ದವು. ಒಂದಕ್ಕೆ ಬೀಗ, ಇನ್ನೊಂದಕ್ಕೆ ಗಾಳಿಯಾಡಲೆಂದು ಯಾರೋ ಕಲ್ಲು ಕೊಟ್ಟು ತೆರೆದಿಟ್ಟಿದ್ದರು. ನಾನು ತೆರೆದದ್ದಕ್ಕೆ ಹೋದೆ.

ಉದ್ದನೆಯ ಕೋಣೆ, ಗೋಡೆಗೆಲ್ಲ ಬಿಳಿ ಟೈಲ್ಸು. ಹನ್ನೆರಡು ಕುರ್ಚಿ, ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದು. ಹನ್ನೆರಡು ಹೆಂಗಸರು ನಾನು ಹೊಲಿದ ಏಪ್ರನ್ ತೊಟ್ಟು ಕೂತಿದ್ದರು, ಪಟ್ಟಿಗಳು ಕುರ್ಚಿಯ ಬೆನ್ನ ಸುತ್ತ ಹೋಗಿ ಹಿಂದೆ ಗಂಟಾಗಿದ್ದವು. ಗಾಜಿನಾಚೆ ಮನೆಯಷ್ಟು ಎತ್ತರದ ಕಡಾಯಿಗಳು. ಒಂದೊಂದು ಬೆಂದಾಗಲೂ ಗಂಟೆ ಹೊಡೆಯುತ್ತದೆ, ಕಿಂಡಿಯಿಂದ ಒಂದು ಬಟ್ಟಲು ಬರುತ್ತದೆ, ಸರದಿಯವಳು ಒಂದು ಚಮಚ ನುಂಗುತ್ತಾಳೆ. ಗಡಿಯಾರ ಹಿಡಿದ ಮೇಲ್ವಿಚಾರಕ ಅವಳ ಮುಖ ನೋಡುತ್ತಾನೆ, ಆಯ್ತು ಅನ್ನುತ್ತಾನೆ, ಕಡಾಯಿಯ ಕೊಳಾಯಿ ಪೊಟ್ಟಣಗಳ ಕಡೆಗೆ ತೆರೆಯುತ್ತದೆ. ಅಷ್ಟೇ. ಯಂತ್ರವಂತೆ, ಯಂತ್ರಕ್ಕೆ ದಣಿವಿಲ್ಲವಂತೆ.

ಮೂರನೆಯ ಕುರ್ಚಿಯಲ್ಲಿ ಗೌರಕ್ಕ. ನಾನು ನೋಡುತ್ತಿದ್ದ ಹಾಗೇ ಗಂಟೆ ಹೊಡೆಯಿತು. ಬಟ್ಟಲು ಬಂದಾಗ ಪಕ್ಕದ ಹೆಂಗಸು ಮುಖ ಆಚೆ ತಿರುಗಿಸಿದಳು. ಅದರ ವಾಸನೆ ನನಗೆ ಗೊತ್ತಿತ್ತು, ಕೋಳಿ ಉಂಡೆಯ ಮಸಾಲೆ. ಗೌರಕ್ಕ ನುಂಗಿದಳು. ಅವಳ ಹಿಮ್ಮಡಿಗಳು ಮೇಲೆದ್ದವು. ಇಲ್ಲದ ಸರಳನ್ನು ಹಿಡಿಯುವಂತೆ ಕಾಲ್ಬೆರಳುಗಳು ಮಡಚಿಕೊಂಡವು. ಕುತ್ತಿಗೆ ಒಂದು ಕಡೆ ವಾಲಿತು. ಮೈಗೆ ಮೈಯೇ ಎದ್ದು ಹಾರಲು ನೋಡಿತು, ಆ ಜಿಗಿತಕ್ಕೆ ಕುರ್ಚಿ ಕಿರುಗುಟ್ಟಿತು. ಪಟ್ಟಿ ಕೀಳಲಿಲ್ಲ. ಎರಡು ಸಲ ಓಡಿಸಿ ಮೂಲೆಗೆ ಗುರುತು ಹಾಕಿದ ನನ್ನ ಹೊಲಿಗೆ ಗಟ್ಟಿಯಾಗಿ ಹಿಡಿದಿತ್ತು.

ಕಣ್ಣು ಬಿಟ್ಟಾಗ ಅವಳು ನನ್ನನ್ನು ನೋಡಿದಳು. ಮೇಲ್ವಿಚಾರಕನಿಗೆ ಮುಜುಗರವೇನೂ ಆಗಲಿಲ್ಲ. ಬಂಡಲು ಇಳಿಸಿಕೊಂಡು, ಮಕ್ಕಳಿದ್ದಾರಾ ಅಂತ ಕೇಳಿ, ಬಿಸಿ ಬಿಸಿ ಕೋಳಿ ಉಂಡೆಯ ಎರಡು ಪೊಟ್ಟಣ ಕೈಗಿಟ್ಟ. ನಾನು ಅವನ್ನು ಇಸಿದುಕೊಂಡೆ. ಇಸಿದುಕೊಂಡು, ಉಪಕಾರವಾಯ್ತು ಸಾರ್ ಅಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಆಟೋದಲ್ಲಿ ಕೂತ ಮೇಲೆ ಆ ಬಿಸಿ ತೊಡೆಗೆ ತಗಲಿದಾಗ ಮೋರಿಗೆ ಎಸೆದೆ.

ಅವತ್ತು ಸಂಜೆ ಹಿತ್ತಲ ಗೋಡೆಯ ಹತ್ತಿರ ಕಾದು ನಿಂತೆ. ಗೌರಕ್ಕ ವ್ಯಾನಿಳಿದು ಬಂದವಳು ನೀರು ಸೇದಿಕೊಂಡು ಕಾಲಿಗೆ ಸುರಿದುಕೊಳ್ಳುತ್ತಿದ್ದಳು. ಯಾಕೆ ಹೇಳಲಿಲ್ಲ ಅಂತ ನಾನು ಜಗಳಕ್ಕೇ ನಿಂತೆ ಅನ್ನಬೇಕು. ಅವಳು ಕೊಡ ಕೆಳಗಿಟ್ಟು ನಿಧಾನ ಹೇಳಿದಳು. ಒಂಟಿ ಹೆಂಗಸರನ್ನೇ ಆರಿಸುತ್ತಾರಂತೆ, ಮನೆಗೆ ಹೋಗಿ ಯಾರಿಗೂ ದಾಟಿಸುವ ಹಾಗಿರಬಾರದು ಅಂತ. ದಿನಕ್ಕೆ ಮೂವತ್ತು ಚಮಚ, ಒಂದು ರಾತ್ರಿಯ ನಿದ್ದೆಗೆ ಇಳಿಯುವಂಥದ್ದಲ್ಲ. ದಣಿವೆಲ್ಲ ಇವರಿಗೆ ಬಂದು ಇಳಿಯುವುದರಿಂದ ಒಳಗೆ ಹೆಚ್ಚುವವರು, ಸುಲಿಯುವವರು ಹಗುರಾಗಿ ಇನ್ನೊಂದು ಪಾಳಿ ನಿಲ್ಲುತ್ತಾರಂತೆ, ಅದೂ ಲಾಭವೇ.

"ಟೊಮೆಟೊ ದಿನ ಪರವಾಗಿಲ್ಲ ಕಣೆ," ಅಂದಳು. "ಬಗ್ಗಿ ಬಗ್ಗಿ ಕಿತ್ತೋರ ಬೆನ್ನು ನೋವು. ಅದು ನಂಗೆ ಗೊತ್ತಿರೋ ನೋವೇ. ಕೋಳಿ ದಿನ ಮಾತ್ರ ಆಗಲ್ಲ. ಎಲ್ಲ ಅನ್ಕೊತಾರೆ ಅದಕ್ಕೆ ಸಾಯೋ ಹೆದರಿಕೆ ಅಂತ. ಸಾಯೋದು ಅದಕ್ಕೆ ಗೊತ್ತೇ ಇಲ್ಲ. ನಿಲ್ಲೋದೇ ಸಾಕಾಗಿರುತ್ತೆ. ಹುಟ್ಟಿದಾಗಿಂದ ತಂತಿ ಮೇಲೆ ನಿಂತಿರುತ್ತೆ, ಮೈ ಬೇಗ ಬೆಳೆಸಿಬಿಡ್ತಾರೆ, ಕಾಲು ಬೆಳೆದಿರಲ್ಲ. ದೀಪ ಆರಿಸಲ್ಲ. ಅಷ್ಟು ಸಾವಿರ ಕೋಳಿ ಒಂದು ಚಮಚದಲ್ಲಿ ನಿಂತಿರುತ್ತೆ."

ಕೊಯ್ಯುವವನದು ಏನು ಬರುತ್ತದೆ ಅಂತ ಕೇಳಿದೆ, ಯಾಕೆ ಕೇಳಿದೆನೋ.

"ಏನೂ ಬರಲ್ಲ. ಅವನದು ಖಾಲಿ. ಅದೇ ಜಾಸ್ತಿ ಕಷ್ಟ."

ಬಿಟ್ಟುಬಿಡು ಅಂದೆ. ಬಿಟ್ಟು ಏನು ತಿನ್ನಲಿ ಅಂದಳು. ಆಮೇಲೆ ಒಂದು ಮಾತು ಹೇಳಿ ಒಳಗೆ ಹೋದಳು. "ನಿನ್ನ ಮಗಳು ನಿದ್ದೆ ಹೋಗದೆ ಲೆಕ್ಕ ಮಾಡ್ತಾಳಲ್ಲ, ಅದು ನೋಡಿದ್ರೆ ನಂಗೆ ಸಮಾಧಾನ ಆಗುತ್ತೆ. ನೀನು ಸುಮ್ನಿರು."

ಸುಮ್ಮನಿರುವುದು ಹೇಗೆ? ನನ್ನ ಮಗಳ ಇಪ್ಪತ್ತೆಂಟು ಅಂಕ ಯಾರ ಮೈಯಿಂದ ಬಂದದ್ದು ಅಂತ ಗೊತ್ತಾದ ಮೇಲೆ, ಪೊಟ್ಟಣ ಬಿಚ್ಚುವ ಸದ್ದಿಗೇ ನನಗೆ ಕುರ್ಚಿ ಕಿರುಗುಟ್ಟಿದ್ದು ಕೇಳುತ್ತಿತ್ತು. ಮನೆಯಲ್ಲಿದ್ದ ಹದಿನಾಲ್ಕು ಪೊಟ್ಟಣ ಹೊರಗೆಸೆದೆ. ಒಲೆಯನ್ನೂ ಹಚ್ಚಲಿಲ್ಲ. ಹಚ್ಚಿದರೆ ಮತ್ತೆ ಇಂಚರ ತಿನ್ನಬೇಕು. ಬೇಯಿಸದ್ದರಲ್ಲಿ ಏನೂ ಏರುವುದಿಲ್ಲ, ಹಾಗಾಗಿ ನೆನೆಸಿದ ಅವಲಕ್ಕಿ, ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಬಾಳೆಹಣ್ಣು, ಕಡಲೆಬೀಜ, ಕಾಯಿತುರಿ. ಎರಡು ದಿನ ಮಕ್ಕಳು ಹಬ್ಬ ಅಂದುಕೊಂಡರು. ಮೂರನೆಯ ದಿನ ತೇಜು ಕೋಳಿ ಉಂಡೆ ಬೇಕು ಅಂತ ನೆಲದಲ್ಲಿ ಹೊರಳಾಡಿದ. ಆರನೆಯ ದಿನ ಅವನ ಹೊಟ್ಟೆ ಕೆಟ್ಟಿತು. ಹತ್ತನೆಯ ದಿನದ ಹೊತ್ತಿಗೆ ಇಂಚರಳ ಕೆನ್ನೆ ಒಳಗೆ ಹೋಗಿತ್ತು. "ನಾನೇ ತಿಂತೀನಿ ಬಿಡಮ್ಮ, ದೊಡ್ಡವಳಾಗಿದೀನಿ, ಅನ್ನ ಮಾಡು," ಅಂದಳು. ನಾನು ಸೌತೆಕಾಯಿ ಹೆಚ್ಚಿದೆ, ಕೈ ಕೊಯ್ದುಕೊಂಡೆ.

ರೇವಣ್ಣ ಫೋನಿನಲ್ಲಿ ಬೈದ. ಊರಿಗೆಲ್ಲ ಇಲ್ಲದ್ದು ನಿನಗ್ಯಾಕೆ ಅಂದ. ನೀವು ದಾರಿಯ ಡಾಬಾಗಳಲ್ಲಿ ತಿನ್ನುತ್ತೀರಲ್ಲ, ಅಲ್ಲಿ ಮೊದಲ ತುತ್ತು ಯಾರು ತಿಂದಿರುತ್ತಾರೆ ಅಂತ ಯಾವತ್ತಾದರೂ ಕೇಳಿದ್ದೀರಾ ಅಂದೆ. ಸಿಗ್ನಲ್ ಸರಿಯಿಲ್ಲ ಅಂದ.

ಶಾಲೆಯಲ್ಲಿ ಪುಟ್ಟಸ್ವಾಮಿ ಮೇಷ್ಟ್ರು ನನ್ನನ್ನು ಕರೆಸಿದರು. ಮಗು ಸೊರಗಿದೆ, ಡಬ್ಬಿಯಲ್ಲಿ ಹಸಿ ಬೇಳೆ ತರುತ್ತಿದೆ, ಇದೇನು ತಾಯಿ ಮಾಡುವ ಕೆಲಸವೇ ಅಂದರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಗೊತ್ತಿತ್ತು. ಗೊತ್ತಿದ್ದವರ ಮುಖ ಬೇರೆ ಇರುತ್ತದೆ. ಎಲ್ಲ ಕಡೆ ಯಾರೋ ಒಬ್ಬರು ತಿನ್ನಲೇಬೇಕಲ್ಲಮ್ಮ ಅಂದರು, ಬಹಳ ಮೆತ್ತಗೆ. ಆ ಮೆತ್ತಗಿನ ದನಿಗೆ ನನಗೆ ಅವರ ಮೇಜು ತಲೆಕೆಳಗು ಮಾಡಬೇಕು ಅನ್ನಿಸಿತು. ಹಾಗಾದರೆ ನಾಳೆ ನೀವೇ ಹೋಗಿ ಕೂತು ಒಂದು ಚಮಚ ತಿನ್ನಿ ಸಾರ್ ಅಂದೆ. ಅವರು ಗಂಟೆ ಹೊಡೆಯಲು ಎದ್ದರು.

ಗೇಟಿನ ಹತ್ತಿರ ತಾಯಂದಿರು ನಿಂತಿದ್ದರು, ಅವರಿಗೂ ಹೇಳಿದೆ. ಅಯ್ಯೋ ಅಂದರು. ಒಬ್ಬಳು ಕಣ್ಣೊರೆಸಿಕೊಂಡಳು. ಮಕ್ಕಳ ಡಬ್ಬಿಯನ್ನು ಮಾತ್ರ ಯಾರೂ ತೆರೆದು ನೋಡಲಿಲ್ಲ. ಅವರಿಗೆ ಪುಕ್ಕಟೆ ತಿನ್ನಿಸುತ್ತಾರಾ, ಸಂಬಳ ಕೊಡುತ್ತಾರಲ್ಲ ಅಂದಳು ಶೈಲಜ, ಬಟ್ಟೆ ಅಂಗಡಿಯವರ ಸೊಸೆ. ಸಂಬಳ ಕೊಟ್ಟರೆ ಆಗಿಹೋಯಿತೇ ಅಂತ ನಾನು ರೇಗಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮ್ಮನೇಲಿ ನಿಮ್ಮತ್ತೆ ಹತ್ತು ವರ್ಷ ತಿಂದ್ರಲ್ಲ ಸುನಂದಾ, ಅವರಿಗೆ ಎಷ್ಟು ಕೊಡ್ತಿದ್ರಿ?"

ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡು ಬಂದೆ, ಆದರೆ ಬೈಗುಳ ಅವಳ ಮೇಲೆ ನಿಲ್ಲುತ್ತಿರಲಿಲ್ಲ. ಹತ್ತು ವರ್ಷ ಅತ್ತೆ ನನ್ನ ಹೆಗಲು, ನನ್ನ ಕಣ್ಣುರಿ, ಅವರ ಮೇಲೆಯೇ ಇದ್ದ ನನ್ನ ಕೋಪವನ್ನೂ ಸೇರಿಸಿ ನುಂಗಿದ್ದರು. ಒಂದು ಸಲವೂ ಆಡಿ ತೋರಿಸಿರಲಿಲ್ಲ. ಅವರು ಎದ್ದು ಹೋದಾಗ ನಾನು ಬಾಗಿಲವರೆಗೂ ಬಂದಿರಲಿಲ್ಲ.

ಆ ವಾರ ಹೊಸ ಆರ್ಡರು ಬಂತು, ಇಪ್ಪತ್ತನಾಲ್ಕು ಏಪ್ರನ್. ಹೊಲಿಯುವುದಿಲ್ಲ ಅಂದಿದ್ದರೆ ಸಂಪಂಗಪ್ಪ ಇನ್ನೊಬ್ಬಳಿಗೆ ಕೊಡುತ್ತಿದ್ದರು. ನಾನು ಹೊಲಿದೆ. ಪಟ್ಟಿಗಳಿಗೆ ಕಚ್ಚಾ ಹೊಲಿಗೆ ಹಾಕಿದೆ, ಅಳತೆ ನೋಡಲು ತಾತ್ಕಾಲಿಕವಾಗಿ ಹಾಕುತ್ತೇವಲ್ಲ, ಎಳೆದರೆ ದಾರ ಸರ್ರನೆ ಬಂದುಬಿಡುವಂಥದ್ದು. ಮೇಲೆ ಗುಣಾಕಾರದ ಗುರುತನ್ನು ದಾರದ ಬಣ್ಣದ ಸೀಮೆಸುಣ್ಣದಲ್ಲಿ ಬರೆದೆ. ಒಂದೊಂದು ಪಟ್ಟಿಗೂ ಮನಸಾರೆ ಬೈದು ಹೊಲಿದೆ. ನನ್ನ ಕೆಲಸದಲ್ಲಿ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಹನ್ನೆರಡೂ ಹೆಂಗಸರು ಒಮ್ಮೆಗೇ ಎದ್ದು ನಿಲ್ಲುವುದನ್ನು, ಮೇಲ್ವಿಚಾರಕ ಗಡಿಯಾರ ಬಿಟ್ಟು ಓಡುವುದನ್ನು ಕಣ್ಣಾರೆ ಕಂಡವಳ ಹಾಗೆ ನಕ್ಕೆ. ಗೌರಕ್ಕನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ ಅಂತ.

ಎದ್ದದ್ದು ಒಬ್ಬಳೇ. ಕೋಳಿಯ ದಿನ ಗೌರಕ್ಕ ನುಂಗಿದಳು, ಮೈ ಜಿಗಿಯಿತು, ಪಟ್ಟಿ ಸರ್ರನೆ ಬಂತು, ಅವಳು ಕುರ್ಚಿಯಿಂದ ಹಾರಿ ಟೈಲ್ಸಿನ ಮೇಲೆ ಬಿದ್ದಳು. ಎಡಗೈಯ ಮಣಿಕಟ್ಟು ಮುರಿಯಿತು. ಸಂಜೆ ವ್ಯಾನಿನವರು ಅವಳನ್ನು ಕೈಗೆ ಬ್ಯಾಂಡೇಜು ಹಾಕಿಸಿ ತಂದು, ಇನ್ನು ಬರುವುದು ಬೇಡ ಅಂತ ಹೇಳಿ, ಒಂದು ರಟ್ಟಿನ ಪೆಟ್ಟಿಗೆ ತುಂಬ ಪೊಟ್ಟಣ ಜಗುಲಿಯ ಮೇಲಿಟ್ಟು ಹೋದರು. ಮರುದಿನವೇ ಹಿಂದಿನ ಬೀದಿಯ ಇನ್ನೊಬ್ಬ ಒಂಟಿ ಹೆಂಗಸು ವ್ಯಾನು ಹತ್ತಿದಳು. ಏಪ್ರನ್ನಿನ ಆರ್ಡರು ಬೇರೆ ಊರಿಗೆ ಹೋಯಿತು, ಸಂಪಂಗಪ್ಪ ನನ್ನನ್ನು ಗುಂಡಿ ಹಚ್ಚುವ ಕೆಲಸಕ್ಕೆ ಇಳಿಸಿದರು. ನನ್ನ ಸೇಡು ಊರಾಚೆಯ ಬಿಳಿ ಗೋಡೆ ಮುಟ್ಟಲಿಲ್ಲ. ನಮ್ಮ ಗೋಡೆ ಪಕ್ಕದವಳ ಕೈ ಮುರಿದು ಅಲ್ಲಿಗೇ ನಿಂತಿತು.

ಅವಳ ಬಾಗಿಲಿಗೆ ಹೋಗಲು ನನಗೆ ಎರಡು ದಿನ ಬೇಕಾಯಿತು. ಹೋದಾಗ ಗೌರಕ್ಕ ಗೋಡೆಗೊರಗಿ, ತುದಿಗಾಲು ನೆಲಕ್ಕೆ ತಾಗಿಸಿ ಕೂತು, ಒಂದೇ ಕೈಯಲ್ಲಿ ಅವಲಕ್ಕಿ ನೆನೆಸುತ್ತಿದ್ದಳು. ಹೊಲಿಗೆ ನನ್ನದು ಅಂತ ಹೇಳಿದೆ. ಅವಳು ಅವಲಕ್ಕಿಯ ಬಟ್ಟಲು ಕೆಳಗಿಟ್ಟಳು.

"ಅಲ್ಲ ಕಣೆ, ಹಾಕಿದ್ದು ಹಾಕಿದೆ, ಒಂದು ಮಾತು ಹೇಳಿ ಹಾಕ್ಬಾರ್ದಾ? ಗೋಡೆ ಕಡೆ ಕುರ್ಚಿ ಇತ್ತು, ಅಲ್ಲಿ ಕೂತ್ಕೋತಿದ್ದೆ."

ನಾನು ಅಳಲಿಲ್ಲ. ಅತ್ತಿದ್ದರೆ ಅವಳು ಸಮಾಧಾನ ಮಾಡಬೇಕಾಗುತ್ತಿತ್ತು, ಅದೂ ಅವಳ ಮೇಲೆಯೇ ಬೀಳುತ್ತಿತ್ತು. ಸುತ್ತ ನೋಡಿದೆ. ಒಲೆಯ ಮೇಲೆ ಜೇಡ ಬಲೆ ಕಟ್ಟಿತ್ತು. ನಮ್ಮ ಮನೆಯಿಂದ ಊಟ ತರುತ್ತೇನೆ ಅಂದೆ. ನಿಮ್ಮನೆಯಲ್ಲಿ ಮೊದಲ ತುತ್ತಿಗೆ ಯಾರಿದ್ದಾರೆ ಅಂತ ಕೇಳಿದಳು. ಯಾರೂ ಇಲ್ಲ, ಅದಕ್ಕೇ ನಾವೂ ಅವಲಕ್ಕಿಯೇ ಅಂದೆ. ನೀನು ಯಾಕೆ ಒಲೆ ಹಚ್ಚುವುದಿಲ್ಲ, ನೀನು ಮಾಡಿದ್ದು ನಿನಗೇನೂ ಮಾಡುವುದಿಲ್ಲವಲ್ಲ ಅಂದೆ. ಅವಳು ಮುಖ ಆಚೆ ತಿರುಗಿಸಿದಳು.

"ತೇಜು ಬಂದು ಪಾತ್ರೆಗೆ ಕೈ ಹಾಕ್ತಾನಲ್ಲೆ."

ಮೂರು ವರ್ಷ. ನನ್ನ ಮಗ ತಪ್ಪಿ ಒಂದು ತುತ್ತು ತಿಂದುಬಿಟ್ಟಾನು ಅಂತ ಈ ಹೆಂಗಸು ಬಿಸಿ ಅನ್ನ ಬಿಟ್ಟಿದ್ದಳು, ನಾನು ಜಿಪುಣಿ ಅಂತ ನಕ್ಕಿದ್ದೆ. ನನಗೆ ಮತ್ತೆ ಸಿಟ್ಟು ಬಂತು. ಫ್ಯಾಕ್ಟರಿಯ ಮೇಲೆ, ಮೇಷ್ಟ್ರ ಮೇಲೆ, ನನ್ನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಗೋಡೆಯ ಮೇಲೆ. ಆ ನಾಚಿಕೆಯೊಂದು ಇಲ್ಲದಿದ್ದರೆ ನಾವು ಎಂದೋ ಒಬ್ಬರ ತುತ್ತು ಒಬ್ಬರು ತಿಂದುಕೊಂಡಿರುತ್ತಿದ್ದೆವು. ಹಗುರದವರು ನಮಗೆ ಮಾರಿದ್ದು ಕೋಳಿ ಉಂಡೆಯನ್ನಲ್ಲ, ನಾವು ಪಕ್ಕದವರನ್ನು ಕೇಳಲಾರದೆ ಹೋದದ್ದನ್ನು. ಏಳು ಗೌರಕ್ಕ, ಅನ್ನಕ್ಕಿಡು, ನಿನ್ನ ಮೊದಲ ತುತ್ತು ನಾನು ತಿನ್ನುತ್ತೇನೆ ಅಂದೆ.

ಅವಳಿಗೆ ಬಂದ ನಾಚಿಕೆ ನೋಡಬೇಕಿತ್ತು. ಸೆರಗನ್ನು ಕತ್ತಿನವರೆಗೆ ಎಳೆದುಕೊಂಡಳು. ಜನ ಏನಂತಾರೆ ಅಂದಳು. ಬೇಡ, ನೀನು ತಡೆಯಲ್ಲ ಅಂದಳು. ನಾನು ಜೇಡನ ಬಲೆ ತೆಗೆದು ಒಲೆ ಹಚ್ಚಿಬಿಟ್ಟೆ, ಆದರೆ ಪಾತ್ರೆ ಮುಟ್ಟಲಿಲ್ಲ. ಅವಳೇ ಒಂದು ಕೈಯಲ್ಲಿ ಅಕ್ಕಿ ತೊಳೆದಳು, ಬೇಳೆ ಹಾಕಿದಳು, ಹುಣಸೆ ಕಿವುಚಿದಳು. ಇಂಚರ, ತೇಜು ಬಾಗಿಲಲ್ಲಿ ಬಂದು ನಿಂತರು. ನನ್ನ ಮನೆಯಲ್ಲೂ ಒಲೆ ಹಚ್ಚಿ, ನನ್ನ ಸಾರಿನ ಪಾತ್ರೆಯನ್ನು ಇಲ್ಲಿಗೇ ತಂದಿಟ್ಟೆ.

ಅವಳ ಅನ್ನಕ್ಕೆ ಅವಳದೇ ಸಾರು ಕಲೆಸಿ ಬಾಯಿಗಿಟ್ಟೆ. ಮೊದಲು ಯಾರದೋ ಬೆನ್ನು ಬಂತು, ಬಗ್ಗಿದ್ದು ಮತ್ತೆ ನೆಟ್ಟಗಾಗದ್ದು. ಈರುಳ್ಳಿ ಸುಲಿದವರ ಕಣ್ಣು ಬಂದವು. ಕೊತ್ತಂಬರಿ ಆರಿಸಿದ ಚಿಕ್ಕ ಚಿಕ್ಕ ಬೆರಳು ಬಂದವು, ಇಂಚರಳ ಬೆರಳಿಗಿಂತ ಚಿಕ್ಕವು. ಆಮೇಲೆ ನೆಲ ಹೋಯಿತು. ಪಾದದ ಕೆಳಗೆ ತಂತಿ. ಮೇಲೆ ಆರದ ಬೆಳಕು. ಎಡಕ್ಕೂ ಬಲಕ್ಕೂ ಬಿಸಿ ಮೈಗಳು, ಕೂರಲು ಜಾಗವಿಲ್ಲ, ನನ್ನ ಎದೆಯ ಭಾರಕ್ಕೆ ನನ್ನ ಮೊಣಕಾಲು ನಡುಗುತ್ತಿದ್ದವು. ಎಷ್ಟು ಹೊತ್ತು ಅಂತ ಕೇಳುವ ಹಾಗೂ ಇಲ್ಲ, ಅಲ್ಲಿ ಹೊತ್ತೇ ಇರಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅದು ಮುಗಿದ ಕಡೆ ಒಂದು ಖಾಲಿ ಬಂತು, ಯಾರದೋ ಕೈ, ನನ್ನದಲ್ಲದ್ದು, ಏಳುತ್ತಿತ್ತು, ಇಳಿಯುತ್ತಿತ್ತು. ಎಲ್ಲಕ್ಕಿಂತ ಕೆಳಗೆ ಗೌರಕ್ಕ ಇದ್ದಳು. ತೇಜುವಿನ ಹೆಜ್ಜೆ ಸದ್ದಿಗೆ ಬಾಗಿಲ ಚಿಲಕ ಹಾಕಿ, ಚಿಲಕದ ಮೇಲೇ ಕೈಯಿಟ್ಟುಕೊಂಡು ನಿಂತಿದ್ದಳು.

ಇಂಚರ ನನ್ನನ್ನು ಹಿಡಿಯಲು ಬಂದಳು. ನಾನು ಕೈ ಅಡ್ಡ ಮಾಡಿದೆ. ನಿಂತೇ ನುಂಗಿ ಮುಗಿಸಿದೆ. ಕಣ್ಣು ತೆರೆದಾಗ ನನ್ನ ಎರಡೂ ಹಿಮ್ಮಡಿ ಮೇಲೆದ್ದಿದ್ದವು. ಗೌರಕ್ಕನ ಬಲಗಾಲು ಪೂರ್ತಿ ನೆಲಕ್ಕೆ ಊರಿತ್ತು. ಎಡಗಾಲು ಇನ್ನೂ ಇಲ್ಲ. ಮೂರು ವರ್ಷ ಒಂದು ತುತ್ತಿಗೆ ಇಳಿಯುವುದಿಲ್ಲ, ದಿನಾ ತಿನ್ನಬೇಕು. ಅವಳು ಆ ಪಾದವನ್ನೇ ನೋಡುತ್ತಾ, ಯಾರದೋ ಪಾದ ಅನ್ನುವ ಹಾಗೆ ಬೆರಳು ಅಲ್ಲಾಡಿಸಿದಳು. ಆಮೇಲೆ ಯಾರೂ ಕೇಳದೆಯೇ ನನ್ನ ಪಾತ್ರೆಯನ್ನು ಎಳೆದುಕೊಂಡು ಒಂದು ಚಮಚ ಬಾಯಿಗೆ ಹಾಕಿಕೊಂಡಳು, ಕೆಲಸ ಬಲ್ಲವರ ಹಾಗೆ ನಾಲಿಗೆಯ ಮೇಲೆ ಹೊರಳಿಸಿ, ಅರ್ಧ ನುಂಗಿ, ಅರ್ಧವನ್ನು ಪಾತ್ರೆಗೇ ಬಿಟ್ಟಳು.

"ಇದರಲ್ಲಿ ದಣಿವು ಕಮ್ಮಿ ಕಣೆ. ಬರೀ ಸಿಟ್ಟು," ಅಂದಳು. "ದಣಿವೆಲ್ಲ ನಾನು ತಗೊಂಡೆ. ಸಿಟ್ಟು ಬಿಟ್ಟಿದೀನಿ. ಮಕ್ಕಳಿಗೆ ಬಡಿಸು."

ನಾನು ಬಡಿಸಿದೆ. ತೇಜು ಕಣ್ಣು ಮುಚ್ಚಿ ಎರಡು ಸಲ ಹಾಕಿಸಿಕೊಂಡ, ಸಣ್ಣವನು, ಅವನಿಗೆ ಮೂಗು ಕೆಂಪಾದದ್ದಷ್ಟೇ. ಇಂಚರ ಬಿಸಿ ಅನ್ನ ನಿಧಾನ ತಿಂದಳು. ತಿಂದು ತಟ್ಟೆ ಬಳಿದಳು. ಅವಳ ಕಣ್ಣಿನಲ್ಲಿ ನಿದ್ದೆ ಇರಲಿಲ್ಲ, ನನ್ನ ಸಿಟ್ಟಿತ್ತು.

"ಅಮ್ಮ," ಅಂದಳು, "ಆ ವ್ಯಾನು ಬೆಳಿಗ್ಗೆ ಎಷ್ಟು ಗಂಟೆಗೆ ಬರುತ್ತೆ?"